ಅಡುಗೆಮನೆಯ ಹಸಿರು ಚೀಟಿ

ಲಿಫ್ಟ್ ಮೇಸ್ತ್ರಿಯ ಬಾಯಿಗೆ ಹೆದರದ ಕಟ್ಟಡ ಮಾಲೀಕರಿಲ್ಲ. "ಚೆನ್ನಾಗೇ ಓಡ್ತಿದೆಯಲ್ಲ, ಮುಂದಿನ ತಿಂಗಳು ನೋಡಿದ್ರಾಯ್ತು" ಎಂದವರಿಗೆ, "ಹಗ್ಗ ಹರಿಯೋ ಹಿಂದಿನ ದಿನಾನೂ ಚೆನ್ನಾಗೇ ಓಡತ್ತೆ ಸ್ವಾಮಿ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುವ ಆಸಾಮಿ. ತಂತಿಹಗ್ಗ, ಬ್ರೇಕು, ಬಾಗಿಲು ಎಲ್ಲವನ್ನೂ ಕೈಯಾರೆ ಮುಟ್ಟಿ ನೋಡದೆ, ಲಿಫ್ಟಿನೊಳಗೆ ತೂಗುವ ತಪಾಸಣೆಯ ಹಸಿರು ಚೀಟಿಗೆ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಸಹಿ ಹಾಕಿದವನಲ್ಲ.

ಅವನಿಗೆ ಸಾರ್ಕಾಯ್ಡೋಸಿಸ್ ಎಂಬ ಕಾಯಿಲೆ ಬಂದು, ಶ್ವಾಸಕೋಶದ ತುಂಬ ಸಣ್ಣ ಗಂಟುಗಳೆದ್ದು, ಎರಡು ವರ್ಷ ಮಾತ್ರೆ ನುಂಗಿದ ಮೇಲೆ ಅಡಗಿತು. "ಅಡಗಿದೆ ಅಷ್ಟೆ. ಸದ್ದಿಲ್ಲದೆ ಕಣ್ಣಿಗೂ ಬರಬಹುದು. ಆರು ತಿಂಗಳಿಗೊಮ್ಮೆ ಕಣ್ಣು, ಉಸಿರು, ರಕ್ತ ತೋರಿಸ್ತಾ ಇರಿ" ಎಂದರು ಡಾಕ್ಟರು. ಹೆಂಡತಿ ಅವನ ಕೆಲಸದ ಚೀಲದಿಂದಲೇ ಒಂದು ಹಸಿರು ಚೀಟಿ ತೆಗೆದು ಅಡುಗೆಮನೆ ಗೋಡೆಗೆ ತೂಗುಹಾಕಿದಳು. "ಪ್ರತಿ ಸಲ ತೋರಿಸ್ಕೊಂಡು ಬಂದು ಇದಕ್ಕೆ ನಿಮ್ಮ ಸಹಿ ಬಿದ್ರೆ ನನಗೆ ನಿಶ್ಚಿಂತೆ" ಎಂದಳು.

ಮೊದಲ ಸಲ ಹೋದ. ಎರಡನೆಯ ಸಲ ಆಸ್ಪತ್ರೆಯ ಬಾಗಿಲಲ್ಲಿ, ಮೂಗಿಗೆ ಆಕ್ಸಿಜನ್ ಕೊಳವೆ ಸಿಕ್ಕಿಸಿಕೊಂಡು ಕುಳಿತವನೊಬ್ಬನನ್ನು ಕಂಡು, ತನಗೂ ಇದೇ ಗತಿಯೇ ಎಂದು ಹೆದರಿ ಅಲ್ಲಿಂದಲೇ ತಿರುಗಿದ. ಸುಮ್ಮನೆ ಮನೆಗೆ ಬಂದು ಚೀಟಿಗೆ ಸಹಿ ಹಾಕಿದ. ಮೂರನೆಯ, ನಾಲ್ಕನೆಯ ಸಲ ಆ ಬೀದಿಗೂ ಕಾಲಿಡಲಿಲ್ಲ. ಸಹಿ ಮಾತ್ರ ತಪ್ಪಲಿಲ್ಲ. ಊರಿಗೆಲ್ಲ ಬುದ್ಧಿ ಹೇಳುವವನ ಬಂಡವಾಳ ಇಷ್ಟೇ.

ಎಡಗಣ್ಣಿಗೆ ಮಂಜು ಕವಿದಾಗ ಹೆಂಡತಿಯೇ ಎಳೆದುಕೊಂಡು ಹೋದಳು. ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿ, "ಒಳಗೆ ಉರಿಯೂತ ಶುರುವಾಗಿ ತಿಂಗಳುಗಳೇ ಆಗಿವೆ. ಕೊನೇ ಸಲ ಯಾವಾಗ ತೋರಿಸಿದ್ರಿ?" ಎಂದರು. ಅವನು ಬಾಯಿ ತೆರೆಯುವ ಮೊದಲೇ ಅವಳು ಕೈಚೀಲದಿಂದ ಚೀಟಿ ತೆಗೆದು ಮುಂದಿಟ್ಟಳು.

"ಒಂದ್ಸಲಾನೂ ತಪ್ಪಿಸಿಲ್ಲ ಡಾಕ್ಟ್ರೇ, ನೋಡಿ."

ಡಾಕ್ಟರು ಚೀಟಿ ನೋಡಿದರು, ಕಂಪ್ಯೂಟರ್ ನೋಡಿದರು, ಆಮೇಲೆ ಅವನನ್ನು ನೋಡಿದರು. "ಇಲ್ಲಿ ಒಂದೇ ಸಲ ಬಂದಿರೋದು ಅಂತಿದೆಯಮ್ಮ. ದೃಷ್ಟಿ ಎಷ್ಟು ವಾಪಸ್ ಬರತ್ತೋ ಈಗ ಹೇಳೋಕಾಗಲ್ಲ."

ನೆಲ ಬಾಯಿ ಬಿಟ್ಟು ನುಂಗಬಾರದೆ ಎನಿಸಿತು ಅವನಿಗೆ. ಕಣ್ಣು ಹೋದರೆ ಹೋಗಲಿ, ಇವಳಿಗೆ ಮುಖ ತೋರಿಸುವುದು ಹೇಗೆ?

ಇಬ್ಬರೂ ಮನೆಗೆ ಮರಳಿದರು. ಮನೆಯಿದ್ದ ಕಟ್ಟಡದ ಲಿಫ್ಟಿನ ಬಾಗಿಲನ್ನು ಅವನೇ ತೆರೆದು ಹಿಡಿದ. ಒಳಗಿನ ಹಸಿರು ಚೀಟಿಯಲ್ಲಿ ಅದೇ ಸಹಿ, ಹೋದ ವಾರದ್ದು. ಅವಳು ಅದನ್ನು ನೋಡಿ ಹೊರಗೇ ನಿಂತಳು.

"ಇದನ್ನಾದ್ರೂ ಪರೀಕ್ಷೆ ಮಾಡಿ ಹಾಕಿದ್ದೋ?"

"ಅಯ್ಯೋ, ನಿನ್ನಾಣೆ ಕಣೇ..." ಎಂದವನಿಗೆ ತನ್ನ ಆಣೆಗೂ ಈಗ ಬೆಲೆಯಿಲ್ಲವೆಂದು ಹೊಳೆಯಿತು.

ಮಂಡಿನೋವಿದ್ದರೂ ಅವಳು ನಾಲ್ಕನೆಯ ಮಹಡಿಯ ಮನೆಗೆ ಮೆಟ್ಟಿಲು ಹಿಡಿದಳು. ಅವನು ಲಿಫ್ಟಿನ ಬಾಗಿಲು ಮುಚ್ಚಿ, ತಲೆ ತಗ್ಗಿಸಿಕೊಂಡು, ಏದುಸಿರು ಬಿಡುತ್ತಾ ಅವಳ ಹಿಂದೆ ಹತ್ತಿದ.