ನಿಂಗಣ್ಣನ ತಗಡು, ನನ್ನ ಟೇಪು

ಇವತ್ತು ಬೆಳಿಗ್ಗೆ ಪುಣೆಯಿಂದ ಒಂದು ಫೈಲು ಬಂತು. ಹಪ್ಪಳ ಒಣಗಿಸುವ ಡ್ರೈಯರಿನದು. ಬಾಗಿಲು, ಟ್ರೇ, ಗಾಳಿಯ ಕೊಳವೆ ಎಲ್ಲ ಜೋಡಿಸಿದ ಹಾಗೇ ಇವೆ. ನೋಡಲು ಚೆಂದ, ಕೆಲಸಕ್ಕೆ ಬಾರದು. ಬೇರೆಯವರ ಸಾಫ್ಟ್‌ವೇರಿನಲ್ಲಿ ಮಾಡಿದ್ದು ನನ್ನ ಕಂಪ್ಯೂಟರಿಗೆ ಬರುವಾಗ, ತಾನು ಹೇಗೆ ಹುಟ್ಟಿದೆನೆಂಬುದನ್ನೇ ಮರೆತು ಬರಿಯ ಮುದ್ದೆಯಾಗಿ ಬರುತ್ತದೆ. ಒಂದು ಬದಿಯನ್ನು ಅರ್ಧ ಇಂಚು ಎತ್ತರಿಸುತ್ತೇನೆಂದರೂ ಜಗ್ಗುವುದಿಲ್ಲ. ಅದರ ಒಂದೊಂದು ಭಾಗವನ್ನೂ ಮತ್ತೆ ತಗಡಾಗಿಸಿ, ಮಡಿಕೆ ಬಿಚ್ಚಿ, ಚಪ್ಪಟೆ ಮಾಡಿ ಕತ್ತರಿಸಲು ಕೊಡುವುದು ಶಿರಸಿಯ ಈ ವರ್ಕ್‌ಶಾಪಿನಲ್ಲಿ ನನ್ನ ಹೊಟ್ಟೆಪಾಡು. ಮೊದಲ ಟ್ರೇ ಆರಿಸಿದ ಕೂಡಲೇ ಪರದೆಯ ಮೇಲೆ ಎಂದಿನ ಎರಡು ಪ್ರಶ್ನೆಗಳು ಬಂದವು. ಬಿಚ್ಚುವಾಗ ತಗಡಿನ ಯಾವ ಮುಖ ಅಲುಗಾಡದೆ ನಿಲ್ಲಬೇಕು? ಎಲ್ಲಿ ಸೀಳಬೇಕು?

ಕಂಪ್ಯೂಟರು ಕೇಳುವುದಕ್ಕೆ ಎಷ್ಟೋ ಮೊದಲೇ ಇದನ್ನು ನನ್ನನ್ನು ಕೇಳಿದವರು ಒಬ್ಬರಿದ್ದರು, ಇಲ್ಲೇ ತಗಡು ಬಡಿಯುತ್ತಿದ್ದ ಎಕ್ಕಂಬಿಯ ನಿಂಗಣ್ಣ. ಬೆಳಗಿನ ಬಸ್ಸಿಗೆ ರೊಟ್ಟಿಯ ಗಂಟು ಹಿಡಿದು ಬರುತ್ತಿದ್ದರು. ಸಿದ್ದಾಪುರದ ಕಡೆಯವರು ತುಕ್ಕು ಹಿಡಿದ ಜೇನು ತೆಗೆಯುವ ಡ್ರಮ್ಮು ತಂದು ಇಂಥದ್ದೇ ಇನ್ನೊಂದು ಬೇಕೆಂದರೆ, ನಿಂಗಣ್ಣ ಮೊದಲು ಅಳತೆಗೆ ಹೋಗುತ್ತಿರಲಿಲ್ಲ. ಎಮ್ಮೆ ಕೊಳ್ಳುವವರಂತೆ ಅದರ ಸುತ್ತ ಎರಡು ಸುತ್ತು ಹಾಕಿ, ಮೈ ಸವರಿ, ಬೆಸುಗೆಯ ಗೆರೆ ಹುಡುಕುತ್ತಿದ್ದರು. ಅಲ್ಲೇ ಬಿಚ್ಚಿ, ಮರದ ಕೊಡತಿಯಿಂದ ಬಡಿದು ನೆಲಕ್ಕೆ ಮಲಗಿಸಿ, ಸುತ್ತ ಗೆರೆ ಎಳೆದರೆ ನಮೂನೆ ಸಿದ್ಧ.

“ಕೂಡಿಸಿದ್ದು ಎಲ್ಲೈತಿ ನೋಡು, ಅಲ್ಲೇ ಬಿಚ್ಚು. ಬ್ಯಾರೆ ಕಡೆ ಹರದ್ರ ತಗಡಿಗೆ ಸಿಟ್ಟು ಬರತೈತಿ,” ಎನ್ನುತ್ತಿದ್ದರು.

ತಗಡಿಗೆ ಸಿಟ್ಟು ಬರುತ್ತದೆಂದು ಡಿಪ್ಲೊಮಾದಲ್ಲಿ ಯಾರೂ ಹೇಳಿರಲಿಲ್ಲವಾದ್ದರಿಂದ ನಾನು ಒಳಗೊಳಗೇ ನಗುತ್ತಿದ್ದೆ. ಆಗ ನಾನು ಕೆಲಸಕ್ಕೆ ಸೇರಿ ಎರಡು ತಿಂಗಳು. ಶೆಡ್ಡಿನ ಮೂಲೆಯಲ್ಲಿ ಹೊಸ ಕಂಪ್ಯೂಟರು. ಅದರ ಹತ್ತಿರ ಹೋಗುವಾಗ ಚಪ್ಪಲಿ ಬಿಡುತ್ತಿದ್ದೆ ಎಂದರೆ ನೀವು ನಂಬಬೇಕು. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರಲ್ಲ, ನಾನು ಅರೆಕೊಡ, ನಡೆದಲ್ಲೆಲ್ಲ ತುಳುಕುತ್ತಿದ್ದೆ. ವರ್ಕ್‌ಶಾಪಿನ ಯಜಮಾನರು ವಜ್ರಳ್ಳಿ ಕಡೆಯ ಹೆಗಡೆಯವರು. ತಗಡು ಬಡಿಯುವ ಜಾಗಕ್ಕೆ ಹೆಣ್ಣುಮಗಳು ಯಾಕೆಂದು ಅವರಿಗೆ ಅನುಮಾನ. ಯಾರದೋ ಒತ್ತಾಯಕ್ಕೆ, ಮೂರು ತಿಂಗಳು ನೋಡೋಣ ಎಂದು ಒಪ್ಪಿದ್ದರು.

ಆ ಹೊತ್ತಿಗೆ ಯಲ್ಲಾಪುರದ ಗಿರಾಕಿಯೊಬ್ಬರ ಡ್ರೈಯರಿಗೆ ಇಪ್ಪತ್ತನಾಲ್ಕು ಟ್ರೇ ಬೇಕಾದವು. ಡ್ರೈಯರಿನ ಪೆಟ್ಟಿಗೆ ಆಗಲೇ ಅವರ ಅಂಗಳ ಸೇರಿತ್ತು. ಟ್ರೇಗಳ ನಕ್ಷೆಯನ್ನು ಕಂಪ್ಯೂಟರಿನಲ್ಲಿ ನಾನೇ ಬರೆದೆ. ತಳದ ಅಗಲಕ್ಕೆ ಎರಡು ಬದಿಯ ಎತ್ತರ ಕೂಡಿಸಿದರೆ ತಗಡಿನ ಅಗಲ, ಅಷ್ಟೇ ತಾನೇ? ನಿಂಗಣ್ಣ ಕಾಗದ ನೋಡಿ, ಇಷ್ಟು ಬೇಕಾ ಎಂದು ಒಮ್ಮೆ ಕೇಳಿದರು. ಕಂಪ್ಯೂಟರು ತಪ್ಪುವುದಿಲ್ಲ, ಗೆರೆ ಇದ್ದಲ್ಲೇ ಮಡಚಿ ಎಂದೆ. ಅವರು ಮಡಚಿದರು.

ಟೆಂಪೋದಲ್ಲಿ ಎಲ್ಲರೂ ಯಲ್ಲಾಪುರಕ್ಕೆ ಹೋದೆವು. ಇಪ್ಪತ್ತನಾಲ್ಕರಲ್ಲಿ ಒಂದು ಟ್ರೇಯೂ ಒಳಗೆ ಹೋಗಲಿಲ್ಲ. ಕೂದಲೆಳೆಯಷ್ಟು ಅಗಲ ಹೆಚ್ಚು, ಆದರೆ ಎಲ್ಲವೂ ಹೆಚ್ಚು. ಗಿರಾಕಿಯ ಮನೆಯವರು, ಅಕ್ಕಪಕ್ಕದವರು ಸುತ್ತ ನಿಂತಿದ್ದರು. ಯಜಮಾನರು ಅವರೆದುರಿಗೇ ನಿಂಗಣ್ಣನಿಗೆ, ಕಣ್ಣು ಮಂಜಾದ ಮೇಲೆ ಮನೆಯಲ್ಲಿ ಕೂರಬೇಕು, ಗೆರೆ ಕಾಣದವನಿಗೆ ತಗಡು ಯಾಕೆ ಎಂದುಬಿಟ್ಟರು. ನಾನು ನನ್ನ ಕಾಗದವನ್ನು ನಾಲ್ಕಾಗಿ ಮಡಚಿ ಚೀಲಕ್ಕೆ ತುರುಕಿದೆ. ನಿಂಗಣ್ಣ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮರುದಿನ ಬೆಳಿಗ್ಗೆ ನನ್ನ ಮೇಜಿನ ಮೇಲೆ ಒಂದು ಟ್ರೇ ಪೂರ್ತಿ ಚಪ್ಪಟೆಯಾಗಿ ಮಲಗಿತ್ತು. ತಗಡು ಮಡಚಿದರೆ ಹಿಗ್ಗುತ್ತದೆ, ಹಿಗ್ಗುವಷ್ಟನ್ನು ಮೊದಲೇ ಕಳೆದು ಕತ್ತರಿಸಬೇಕು ಎಂದು ನಿಂಗಣ್ಣ ಬೆರಳಿಟ್ಟು ತೋರಿಸಿದರು. ಹಾಗಾದರೆ ತಪ್ಪು ನನ್ನ ಕಾಗದದ್ದೆಂದು ನಿನ್ನೆಯೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ನನ್ನ ಬೈದ್ರ ನಾ ನಾಳೆ ಮತ್ತ ಕೆಲಸಕ್ಕ ಬರ್ತೀನಿ. ನಿನ್ನ ಬೈದ್ರ ನೀ ಬರಂಗಿಲ್ಲ ತಂಗಿ.”

ಮೂರು ತಿಂಗಳು ಮುಗಿದ ಮೇಲೆ ಯಜಮಾನರಿಗೆ ಹೇಳಿಬಿಡುವುದೆಂದು ಗಟ್ಟಿ ಮಾಡಿಕೊಂಡೆ. ಮುಗಿಯಿತು. ಕೆಲಸ ಕಾಯಂ ಆದ ಮೇಲೆ ಎಂದುಕೊಂಡೆ. ಅದೂ ಆಯಿತು. ಅಷ್ಟರಲ್ಲಿ ಯಜಮಾನರು ಹೊಸ ಪದ್ಧತಿ ತಂದಿದ್ದರು. ನಿಂಗಣ್ಣ ಮಾಡಿದ್ದನ್ನೆಲ್ಲ ಯಾರಾದರೂ ಟೇಪು ಹಿಡಿದು ಅಳೆಯಬೇಕು. ಆ ಯಾರಾದರೂ ನಾನೇ ಆದೆ. ಆರು ವರ್ಷ, ನಿಂಗಣ್ಣ ಕೆಲಸ ಬಿಟ್ಟು ಎಕ್ಕಂಬಿಯ ಮನೆಯಲ್ಲಿ ಕೂರುವವರೆಗೆ, ಪ್ರತಿ ಸಂಜೆ ಅವರು ತಮ್ಮ ಕೆಲಸವನ್ನು ತಂದು ನನ್ನ ಮುಂದಿಡುತ್ತಿದ್ದರು. ನಾನು ಅಳೆಯುತ್ತಿದ್ದೆ. ಒಂದು ದಿನವೂ ತಪ್ಪು ಸಿಗಲಿಲ್ಲ. ಸಿಕ್ಕಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ, ಅಂಥ ಸಣ್ಣ ಮನಸ್ಸು ನನ್ನದು. ನಾಚಿಕೆಯಾಗುತ್ತದೆ.

ಇವತ್ತು ಯಜಮಾನರು ಎಲೆಯಡಿಕೆಯ ಕವಳ ಹಾಕಿಕೊಂಡು ನನ್ನ ಕುರ್ಚಿಯ ಹಿಂದೆ ಬಂದು ನಿಂತರು. ವಯಸ್ಸಾಗಿದೆ, ಈಗ ಪರದೆ ನೋಡುವುದೇ ಅವರ ಕೆಲಸ. ಟ್ರೇ ಕಂಡು, ಯಲ್ಲಾಪುರದಲ್ಲಿ ನಿಂಗಣ್ಣ ಕೆಡಿಸಿದ್ದ, ನೆನಪಿದ್ದಾ ಎಂದರು.

“ಅದು ನಿಂಗಣ್ಣ ಕೆಡಿಸಿದ್ದಲ್ಲ. ನಾನು ಬರೆದಿದ್ದೇ ತಪ್ಪಿತ್ತು,” ಎಂದೆ.

ಹೇಳಿದ ಮೇಲೆ ಹೊಳೆಯಿತು, ನಿಂಗಣ್ಣ ತೀರಿಕೊಂಡು ನಾಲ್ಕು ವರ್ಷವಾಗಿದೆ. ಇಷ್ಟು ವರ್ಷ ಬಾರದ ಧೈರ್ಯ, ಕೇಳಬೇಕಾದವರು ಹೋದ ಮೇಲೆ ಬಂದಿತ್ತು.

ಯಜಮಾನರು ನನ್ನನ್ನು ಬೈಯಲಿಲ್ಲ. ಹೊರಗೆ ಹೋಗಿ ಕವಳ ಉಗಿದು, ಬಾಯಿ ಮುಕ್ಕಳಿಸಿ ಬಂದರು.

“ನಾಲ್ಕು ಜನರ ಎದ್ರಿಗೆ ಬೈದಿದ್ದೆ ಆನು. ನಾಲ್ಕು ಜನರ ಎದ್ರಿಗೇ ಹೇಳವು.”

ಮಷಿನ್ನು ನಿಲ್ಲಿಸಿ ಕೆಲಸದವರು ಮೂವರನ್ನೂ ಕರೆದರು. ಯಲ್ಲಾಪುರದ ಟ್ರೇಗಳು ಹಾಳಾದದ್ದು ನಿಂಗಣ್ಣನಿಂದಲ್ಲ, ತಾನು ಆಡಿದ್ದು ತಪ್ಪು ಮಾತು ಎಂದು ಕೈಕಟ್ಟಿ ನಿಂತು ಹೇಳಿದರು. ಮೂವರೂ ನಿನ್ನೆ ಮೊನ್ನೆ ಸೇರಿದವರು, ಮಿಕಿಮಿಕಿ ನೋಡಿದರು. ಕೊನೆಗೆ ಅರಬೈಲಿನ ವೆಲ್ಡರ್ ಮಂಜು ನನ್ನ ಕಡೆ ತಿರುಗಿ ಕೇಳಿದ.

“ನಿಂಗಣ್ಣ ಅಂದ್ರೆ ಯಾರಕ್ಕಾ?”

ನಾನು ಕುರ್ಚಿ ಬಿಟ್ಟು ಎದ್ದು ನಿಂತೆ. ಯಲ್ಲಾಪುರದ ಅಂಗಳದಲ್ಲಿ ಒಂದು ಮಾತಿನಲ್ಲಿ ಮುಗಿಯುತ್ತಿದ್ದದ್ದನ್ನು, ನಿಂಗಣ್ಣನ ಮುಖವನ್ನೇ ಕಾಣದ ಈ ಮೂವರಿಗೆ ಮೊದಲಿನಿಂದ ಹೇಳಬೇಕಾಯಿತು.