ಮೂಟೆ ಹಾರಿ ಒಪ್ಪಿದ ಗುಂಡಿ

ಹುಟ್ಟಿದಾಗ ಇಟ್ಟ ಹೆಸರನ್ನು ಒಡಹುಟ್ಟಿದ ಅಕ್ಕನೇ ಮರೆತಿದ್ದಳು ಅಂದ ಮೇಲೆ ನಾವು ಹುಡುಕಿ ಏನು ಮಾಡೋಣ? ಎಲ್ಲರಿಗೂ ಅವನು ಮೂಟೆ. ಬಸ್ಸಿನಲ್ಲಿ ಅವನು ಬಂದು ಕೂತರೆ ಪಕ್ಕದವರು ಏನೋ ನೆನಪಾದಂತೆ ಎದ್ದು ಹಿಂದಕ್ಕೆ ಹೋಗುತ್ತಿದ್ದರು. ದರ್ಜಿ ಸೊಂಟದ ಅಳತೆ ತೆಗೆಯುವಾಗ ನಗು ತಡೆಯಲಾರದೆ ಟೇಪಿನ ತುದಿ ಕಚ್ಚಿಕೊಳ್ಳುತ್ತಿದ್ದ. ಹೋದಲ್ಲೆಲ್ಲ ಮೈ ಕುಗ್ಗಿಸಿಕೊಂಡು ಗೋಡೆಗೆ ಅಂಟಿ ನಿಲ್ಲುವುದು ಮೂಟೆಗೆ ಅಭ್ಯಾಸವಾಗಿಬಿಟ್ಟಿತ್ತು. ಅಂಥ ಮೈಗೂ ಒಂದು ಕೆಲಸ ಸಿಕ್ಕಿತು, ಅಕ್ಕನ ಗಂಡನ ದೆಸೆಯಿಂದ.

ಭಾವನ ಕಸುಬು ಮನೆಗಳ ಹಿತ್ತಲಲ್ಲಿ, ಮಕ್ಕಳು ಹಾರಿ ಕುಣಿಯುವ ಟ್ರ್ಯಾಂಪೊಲಿನ್ ಅನ್ನು ನೆಲಮಟ್ಟಕ್ಕೆ ಕೂರಿಸುವುದು. ಕಾಲುಗಳ ಮೇಲೆ ನಿಲ್ಲಿಸಿದರೆ ಮಕ್ಕಳು ಬಿದ್ದು ಕೈಕಾಲು ಮುರಿದುಕೊಳ್ಳುತ್ತಾರೆಂದು ಕೆಲವರು ಅದನ್ನು ನೆಲದಲ್ಲೇ ಹುದುಗಿಸುತ್ತಾರೆ: ಬಾಣಲೆಯಂಥ ಗುಂಡಿ, ಅದರ ಬಾಯಿಗೆ ದೊಡ್ಡ ಕಬ್ಬಿಣದ ಬಳೆ, ಬಳೆಯ ಸುತ್ತ ಸ್ಪ್ರಿಂಗುಗಳು, ನಡುವೆ ಬಿಗಿದ ಕಪ್ಪು ಹಾಸು. ಚಳಿಗಾಲದಲ್ಲಿ ಮರಳುಗಾಡಿನ ಊರುಗಳಲ್ಲಿ ಕೆಲಸ, ಬೇಸಿಗೆಯಲ್ಲಿ ಬೆಟ್ಟದ ಊರುಗಳಲ್ಲಿ. ಮರಳಲ್ಲಿ ಅಗೆಯುವುದು ನೀರು ಕುಡಿದಷ್ಟು ಸುಲಭ, ಅಗೆದದ್ದು ನಿಲ್ಲಬೇಕಲ್ಲ? ಬೆಳಿಗ್ಗೆ ಕೆತ್ತಿದ ಗೋಡೆ ಊಟದ ಹೊತ್ತಿಗೆ ಜಾರಿ ತಳದಲ್ಲಿ ಕೂತಿರುತ್ತದೆ. ಸುತ್ತ ತಗಡು ಹೊಡೆಯಬೇಕು. ಗಾಳಿ ವರ್ಷವಿಡೀ ಸಂದಿಯಿಂದ ಮರಳು ತುಂಬುತ್ತದೆಂದು ಒಂದು ಮೊಳ ಹೆಚ್ಚೇ ತೋಡಬೇಕು. ಬೆಟ್ಟದಲ್ಲಿ ಗೋಡೆ ಮಿಸುಕುವುದಿಲ್ಲ, ಆದರೆ ಅಗೆಯುವಷ್ಟರಲ್ಲಿ ರಟ್ಟೆ ಬಿದ್ದುಹೋಗುತ್ತದೆ. ಹಿಮ ಕರಗಿದ ನೀರು ನಿಂತು ಗುಂಡಿ ಬಾವಿಯಾಗದ ಹಾಗೆ ಇಳಿಜಾರಿನ ಕಡೆಗೆ ಪೈಪು ಹಾಕಬೇಕು. ನೆಲ ಹೆಪ್ಪುಗಟ್ಟಿದಾಗ ತಳದ ಕಲ್ಲು ಯಾರೂ ಕರೆಯದೆ ಮೇಲಕ್ಕೆ ಬರುತ್ತದೆ. “ಮರಳು ಕಳ್ಳ, ಕಲ್ಲು ಮೊಂಡ. ಎರಡನ್ನೂ ನಂಬಿ ಕೂರಬೇಡ” ಎಂದು ಭಾವ ಹೇಳುತ್ತಿದ್ದ.

ಎರಡು ಕಡೆಯೂ ಕೊನೆಯ ಪರೀಕ್ಷೆ ಮಾತ್ರ ಒಂದೇ. ಗುಂಡಿಯ ತಳದ ನಟ್ಟನಡುವೆ ಒದ್ದೆ ಜೇಡಿಮಣ್ಣಿನ ಮುದ್ದೆಯೊಂದನ್ನು ಇಟ್ಟು, ಹಾಸು ಬಿಗಿದ ಮೇಲೆ ಮೂಟೆ ಹಾರುತ್ತಿದ್ದ. ಆಮೇಲೆ ಒಂದು ಕಡೆ ಸ್ಪ್ರಿಂಗು ಬಿಚ್ಚಿ, ಟಾರ್ಚು ಬಿಟ್ಟು ನೋಡುವುದು. ಮುದ್ದೆಯ ನೆತ್ತಿ ಚಪ್ಪಟೆಯಾಗಿ ಅದರ ಮೇಲೆ ಹಾಸಿನ ನೇಯ್ಗೆ ಮೂಡಿದ್ದರೆ ಗುಂಡಿಯ ಆಳ ಸಾಲದು, ಮತ್ತೆ ಅಗೆಯಬೇಕು. ಮುದ್ದೆ ಇಟ್ಟ ಹಾಗೇ ಇದ್ದರೆ ಭಾವ ಮನೆಯವರನ್ನು ಕರೆದು, “ನಮ್ಮ ಮೂಟೆ ಹಾರಿ ಒಪ್ಪಿದ ಗುಂಡಿ ಇದು. ಇನ್ನು ನಿಮ್ಮಲ್ಲಿ ಯಾರು ಹಾರಿದರೂ ತಳ ತಾಗಲ್ಲ” ಅನ್ನುತ್ತಿದ್ದ. ಆ ಮಾತು ಕೇಳುವಾಗ ಮೂಟೆ ಗೋಡೆಗೆ ಅಂಟುತ್ತಿರಲಿಲ್ಲ. ಹಾಸಿನ ನಡುವೆ ಕೈ ಕಟ್ಟಿಕೊಂಡು, ಇದ್ದಷ್ಟೂ ಅಗಲವಾಗಿ ನಿಲ್ಲುತ್ತಿದ್ದ.

ಹೀಗಿರುವಾಗ ಸಕ್ಕರೆ ಕಾಯಿಲೆ ಬಂತು. ಒಂದು ಚಳಿಗಾಲ ಪೂರ್ತಿ ಅವನು ಮನೆ ಬಿಟ್ಟು ಹೊರಡಲಿಲ್ಲ. ಡಾಕ್ಟರು ಹೇಳಿದ್ದನ್ನು ಹೆಂಡತಿ ಒಂದಕ್ಕೆ ಎರಡು ಮಾಡಿ ನಡೆಸಿದಳು. ಅಡುಗೆಮನೆಯ ತಿಂಡಿಯ ಕಪಾಟಿಗೆ ಬೀಗ, ಬೀಗದ ಕೈ ಅವಳ ಕೊರಳಲ್ಲಿ. ಮೈ ಇಳಿಯಿತು. ಸ್ವಲ್ಪಸ್ವಲ್ಪ ಅಲ್ಲ, ಮಂಜುಗಡ್ಡೆ ಬಿಸಿಲಿಗಿಟ್ಟ ಹಾಗೆ ಇಳಿಯಿತು. ಒಂದು ದಿನ ಅವಳು ಹಿಂದಿನಿಂದ ತಬ್ಬಿಕೊಂಡವಳು, “ನೋಡ್ರೀ, ನನ್ನ ಎರಡು ಕೈ ಮುಂದೆ ಬಂದು ಸೇರ್ತಿವೆ. ಮದುವೆಯಾದಾಗಿನಿಂದ ಇದೇ ಮೊದಲು” ಎಂದು ಕಣ್ಣು ಒರೆಸಿಕೊಂಡಳು. ಮೂಟೆಗೂ ಕಣ್ಣು ತುಂಬಿತು. ಆದರೆ ಅವನ ಸಂಕಟವೇ ಬೇರೆ. ತೂಕ ಹೋದ ಮೂಟೆಯನ್ನು ಕಟ್ಟಿಕೊಂಡು ಭಾವ ಏನು ಮಾಡಬೇಕು? ಆ ಚಳಿಗಾಲ ಮರಳುಗಾಡಿನಲ್ಲಿ ಭಾವ ಚೀಲಕ್ಕೆ ಮರಳು ತುಂಬಿ ಎತ್ತಿಹಾಕಿ ಪರೀಕ್ಷೆ ಮುಗಿಸಿದ್ದ. “ಈ ಮೂಟೆಗಳಿಗೆ ಊಟ ಹಾಕೋ ಗೋಜಿಲ್ಲ, ಮಾತೂ ಆಡಲ್ಲ” ಎಂದು ಫೋನಿನಲ್ಲಿ ನಕ್ಕಿದ್ದ. ತಮಾಷೆಗೆ ಅಂದ ಮಾತೇ. ಆದರೂ ಮೂಟೆ ಅದನ್ನು ಮರೆಯಲಿಲ್ಲ.

ಬೇಸಿಗೆಗೆ ಬೆಟ್ಟದ ಕೆಲಸ ಶುರುವಾದಾಗ ಮೂಟೆ ಗಡ್ಡ ಬಿಟ್ಟು, ಅಂಗಿಯ ಮೇಲೆ ಸ್ವೆಟರು, ಸ್ವೆಟರಿನ ಮೇಲೆ ಸ್ವೆಟರು, ಅದರ ಮೇಲೆ ಇನ್ನೊಂದು, ಎಲ್ಲದರ ಮೇಲೆ ಹಳೇ ಕೋಟು ಹಾಕಿಕೊಂಡು ಹಾಜರಾದ. ಬೆಟ್ಟದ ಗಾಳಿ ಬೇಸಿಗೆಯಲ್ಲೂ ಚುರುಕಾಗಿಯೇ ಇರುತ್ತದೆ, ಯಾರೂ ಏನೂ ಕೇಳಲಿಲ್ಲ. ಭಾವ ಮುಖ ನೋಡಿ, “ಕಾಯಿಲೆ ನಿನ್ನ ಕೆನ್ನೆ ತಿಂದುಬಿಟ್ಟಿದೆ ಕಣೋ. ಪುಣ್ಯಕ್ಕೆ ಹೊಟ್ಟೆ ಬಿಟ್ಟಿದೆ” ಅಂದ. ಮೂಟೆ ಬಂದನಲ್ಲ ಎಂದು ಮರಳಿನ ಚೀಲಗಳನ್ನು ಕೆಳಗಿನ ಊರಲ್ಲೇ ಬಿಟ್ಟು ಬಂದಿದ್ದ.

ಮೊದಲ ಗುಂಡಿ ಊರಿನ ತುದಿಯ ಒಂದು ಮನೆಯ ಹಿತ್ತಲಲ್ಲಿ. ಆ ಮನೆಯ ಯಜಮಾನ ತೂಕ ಇಳಿಯುವ ಮುಂಚಿನ ಮೂಟೆಗೆ ಸರಿಸಾಟಿಯಾದ ಆಳು; ಬಾಗಿಲನ್ನು ಮೈ ಓರೆ ಮಾಡಿಯೇ ದಾಟುವವನು. ಅವನಿಗೆ ಒಬ್ಬಳು ಪುಟ್ಟ ಮಗಳು. ಗುಂಡಿ ತೋಡುತ್ತ ತೋಡುತ್ತ ತಳದಲ್ಲಿ ಬಂಡೆ ಸಿಕ್ಕಿತು. ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತೇ ಹೊರತು ಕಲ್ಲು ಜಗ್ಗಲಿಲ್ಲ. ಒಡೆಯಲು ಕೂತರೆ ಆ ವಾರದ ಕೆಲಸವೆಲ್ಲ ಹಿಂದೆ ಬೀಳುತ್ತದೆ. ಭಾವ ಬೆವರು ಒರೆಸಿಕೊಂಡು, “ಇಷ್ಟೇ ಆಳ ಸಾಕಾಗಬಹುದೋ ಏನೋ. ಹಾಸು ಬಿಗಿದು ಹಾರಿ ನೋಡು. ನೀನು ಒಪ್ಪಿದರೆ ಒಡೆಯೋದು ಬೇಡ” ಅಂದ.

ಮೂಟೆ ಹಾರಿದ. ಮೊದಲಾದರೆ ಸ್ಪ್ರಿಂಗುಗಳೆಲ್ಲ ಒಟ್ಟಿಗೆ ನರಳುತ್ತಿದ್ದವು. ಈಗ ಒಂದೆರಡು ಕಿರ್ ಎಂದು ಸುಮ್ಮನಾದವು. ಇನ್ನೂ ಎತ್ತರಕ್ಕೆ, ಮೊಣಕಾಲು ನೋಯುವಷ್ಟು ಹಾರಿದ. ಭಾವ ಟಾರ್ಚು ಬಿಟ್ಟು ನೋಡಿದ. ಮುದ್ದೆ ಇಟ್ಟ ಹಾಗೇ ಇತ್ತು.

“ಬದುಕಿದೆವು” ಎಂದು ಭಾವ ಸ್ಪ್ರಿಂಗು ಸಿಕ್ಕಿಸತೊಡಗಿದ. ಮನೆಯವರನ್ನು ಕರೆದು ಅದೇ ಹಳೇ ಮಾತು ಹೇಳಿದ. ಮೂಟೆ ಕೈ ಕಟ್ಟಿಕೊಂಡು ನಿಲ್ಲಲು ನೋಡಿದ, ಆಗಲಿಲ್ಲ. ತಾನು ಗುಂಡಿಯನ್ನು ಒಪ್ಪಿದ್ದಲ್ಲ, ತನ್ನ ಕೆಲಸ ಉಳಿಸಿಕೊಂಡದ್ದು ಅಂತ ಅವನಿಗೆ ಗೊತ್ತಿತ್ತು. ಹೇಳಿದರೆ ಈ ಕೆಲಸ ಇವತ್ತಿಗೇ ಮುಗಿಯಿತು, ಮತ್ತೆ ಗೋಡೆಗೆ ಅಂಟುವ ಬಾಳು. ಹೇಳದಿದ್ದರೆ? ಏನೂ ಆಗಲಿಕ್ಕಿಲ್ಲ ಎಂದು ಮನಸ್ಸು ಸಮಾಧಾನ ಹೇಳುತ್ತಿತ್ತು. ಅಷ್ಟರಲ್ಲಿ ಯಜಮಾನ ಚಪ್ಪಲಿ ಬಿಟ್ಟು, ಮಗಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಆ ಮಗು ಅಪ್ಪನ ತಲೆಗೂದಲು ಹಿಡಿದುಕೊಂಡು ನಗುತ್ತಿತ್ತು.

ಮೂಟೆ ಕೂಗಿದ: “ಸ್ವಾಮಿ, ನಿಲ್ಲಿ. ಹತ್ತಬೇಡಿ.”

ಎಲ್ಲರೂ ತಿರುಗಿದರು. ಮೂಟೆ ಕೋಟು ಬಿಚ್ಚಿ ಹುಲ್ಲಿನ ಮೇಲೆ ಹಾಕಿದ. ಒಂದು ಸ್ವೆಟರು ಬಿಚ್ಚಿದ. ಇನ್ನೊಂದು ಬಿಚ್ಚಿದ. ಮಗು ಇದೇನೋ ಆಟವೆಂದು ಚಪ್ಪಾಳೆ ತಟ್ಟಿತು. ಮೂರನೆಯದನ್ನೂ ಬಿಚ್ಚಿದಾಗ ಉಳಿದದ್ದು ಜೋಲುವ ಅಂಗಿ, ಹಗ್ಗದಿಂದ ಬಿಗಿದ ಪ್ಯಾಂಟು, ನಡುವೆ ಒಬ್ಬ ಸಾಧಾರಣ ಮನುಷ್ಯ.

“ಭಾವ, ನನ್ನ ತೂಕ ಹೋಗಿದೆ. ನಾನು ಒಪ್ಪಿದ್ದು ಲೆಕ್ಕಕ್ಕಿಲ್ಲ.”

ಭಾವ ಮುದ್ದೆ ಇದ್ದಲ್ಲೇ ಇದೆಯೇ ಎಂದು ನೋಡಿ, ಹಾಸಿನ ಮೇಲೆ ಹತ್ತಿ, “ಬಾ” ಅಂದ. ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ಹಾರಿದರು. ಮೂರನೇ ನೆಗೆತಕ್ಕೆ ಕಾಲಡಿಯಲ್ಲಿ ಧಡ್ ಎಂದು ಕಲ್ಲು ತಾಗಿತು. ಭಾವನ ಹಿಮ್ಮಡಿ ಝುಮ್ಮೆಂದಿತು, ಅಲ್ಲೇ ಕುಸಿದು ಕೂತ. ಸ್ಪ್ರಿಂಗು ಬಿಚ್ಚಿ ನೋಡಿದರೆ ಮುದ್ದೆ ರೊಟ್ಟಿಯಾಗಿತ್ತು. ಯಜಮಾನ ಮಗಳನ್ನು ಹೆಗಲಿಂದ ಇಳಿಸಿ, ಅವಳ ಕೈ ಹಿಡಿದುಕೊಂಡು ಒಳಗೆ ಹೋದ.

“ಮಗು ಹೆಗಲ ಮೇಲಿತ್ತಲ್ಲೋ” ಅಂದ ಭಾವ. “ಸಣ್ಣಗಾಗಿದ್ದೀನಿ ಅಂದಿದ್ದರೆ ನಾನೇನು ನಿನ್ನ ತಿಂದುಬಿಡ್ತಿದ್ದೆನಾ?”

“ಮರಳಿನ ಚೀಲ ಸಾಕು ಅಂತ ಮನೆಗೆ ಕಳಿಸ್ತೀರಿ ಅಂದುಕೊಂಡೆ.”

“ಮರಳಿನ ಚೀಲ ‘ನಿಲ್ಲಿ’ ಅನ್ನುತ್ತೇನೋ, ದಡ್ಡ?” ಎಂದು ಭಾವ ಎದ್ದು, ಕುಂಟುತ್ತ ವ್ಯಾನಿಗೆ ಹೋಗಿ ಸುತ್ತಿಗೆ, ಉಳಿ ತಂದ.

ಬಂಡೆ ಒಡೆಯಬೇಕಾದರೆ ಬಳೆ, ಹಾಸು ಎಲ್ಲ ಕಳಚಬೇಕಿತ್ತು. ಮೂಟೆ ಬಿಚ್ಚಿದ ಸ್ಪ್ರಿಂಗುಗಳ ಸಂದಿ ನೋಡಿದ, ತನ್ನನ್ನು ನೋಡಿಕೊಂಡ. ಇನ್ನೊಂದೆರಡು ಸ್ಪ್ರಿಂಗು ಬಿಚ್ಚಿ, ಉಸಿರು ಎಳೆದುಕೊಂಡು ಸಂದಿಯಿಂದ ಒಳಕ್ಕೆ ಜಾರಿದ. ಇಷ್ಟು ವರ್ಷ ಇಷ್ಟು ಗುಂಡಿ ಒಪ್ಪಿದವನು ಹಾಸಿನ ಕೆಳಗೆ ಇಳಿದದ್ದು ಅದೇ ಮೊದಲು. ಒಳಗೆ ತಣ್ಣಗಿತ್ತು, ಹಸಿ ಮಣ್ಣಿನ ವಾಸನೆಯಿತ್ತು. ಭಾವ ಸಂದಿಯಿಂದ ಬಕೆಟ್ಟು ಇಳಿಸುತ್ತಿದ್ದ; ಮೂಟೆ ಬಂಡೆ ಒಡೆದು ಚೂರು ತುಂಬಿ ಕಳಿಸುತ್ತಿದ್ದ. ಮಾರನೆಯ ದಿನವೂ ಅದೇ, ಅದರ ಮಾರನೆಯ ದಿನವೂ ಅದೇ. ಅಂಗೈಯೆಲ್ಲ ಬೊಬ್ಬೆ ಬಂತು.

ಆಳ ಸಾಕೆನಿಸಿದಾಗ ಮೂಟೆ ಹೊಸ ಮುದ್ದೆ ಇಟ್ಟು, ಹೊರಗೆ ಬಾರದೆ, ಗೋಡೆಯಂಚಿನಲ್ಲಿ ಮೈ ಮುದುರಿ ಕೂತು ಟಾರ್ಚು ಹಿಡಿದ. ಅಲ್ಲಿಗೆ ಹಾಸು ತಾಗುವುದಿಲ್ಲ. ಮೇಲೆ ಭಾವ ಸ್ಪ್ರಿಂಗು ಸಿಕ್ಕಿಸಿ ಯಜಮಾನನನ್ನು ಕರೆದ. ಮಗಳನ್ನು ಅಮ್ಮನ ಕೈಗೆ ಕೊಟ್ಟು ಯಜಮಾನ ಹತ್ತಿದ, ಆದರೆ ಕಾಲು ಎತ್ತಲಿಲ್ಲ.

“ಕೆಳಗೆ ಮನುಷ್ಯ ಇದ್ದಾನಲ್ರೀ.”

“ಅದಕ್ಕೇ ಹಾರಿ ಅಂದದ್ದು” ಅಂದ ಭಾವ. “ಇನ್ನು ಮೇಲೆ ನಮ್ಮ ಕೆಲಸ ಹೀಗೇ. ಅವನು ಕೆಳಗೆ ಕೂತು ನೋಡಿ ಹೂಂ ಅನ್ನೋವರೆಗೂ ನಾನು ಗುಂಡಿ ಬಿಟ್ಟುಕೊಡಲ್ಲ.”

ಕೆಳಗೆ ಮೂಟೆಗೆ ಅದು ಕೇಳಿಸಿತು. ಟಾರ್ಚನ್ನು ಮುದ್ದೆಯತ್ತ ತಿರುಗಿಸಿ ಹಿಡಿದ.

ಹಾಸು ಉಬ್ಬಿ ಇಳಿಯಿತು. ಕಪ್ಪು ಹೊಟ್ಟೆಯೊಂದು ಗಾಳಿಯನ್ನೆಲ್ಲ ಅವನ ಮುಖಕ್ಕೆ ನೂಕುತ್ತ ಕೆಳಗೆ ಬಂತು, ಮುದ್ದೆಗೆ ಒಂದು ಗೇಣು ಇರುವಾಗ ನಿಂತು ಹಿಂದಕ್ಕೆ ಹೋಯಿತು. ಮತ್ತೆ ಬಂತು, ಮತ್ತೆ ಅಲ್ಲೇ ನಿಂತಿತು. ಮೂಟೆ ಆತುರಪಡಲಿಲ್ಲ.

“ಇನ್ನೂ ಎತ್ತರಕ್ಕೆ ಹಾರಿ ಸ್ವಾಮಿ” ಎಂದು ಕೂಗಿದ. “ನಾನು ನೋಡ್ತಿದ್ದೀನಿ.”