ಯಾವ ಪೈಕಿ ರೀ ನೀವು?

ಹುಮನಾಬಾದಿನಲ್ಲಿ ನನ್ನನ್ನು ಕೇಳಿದ ಮೊದಲ ಪ್ರಶ್ನೆಯೇ ನನಗೆ ಅರ್ಥವಾಗಲಿಲ್ಲ. ಬಾಡಿಗೆಗೆ ಖೋಲಿ, ಅಂದರೆ ಕೋಣೆ, ಹುಡುಕುತ್ತಿದ್ದೆ. ಮನೆಯೊಡತಿ ಮಹಾದೇವಮ್ಮ ಹೊಸ್ತಿಲಲ್ಲೇ ನಿಲ್ಲಿಸಿ, "ಯಾವ ಪೈಕಿ ರೀ ನೀವು?" ಎಂದರು. ಯಾವ ಕಡೆಯವಳೆಂದು ಕೇಳಿದರೆಂದುಕೊಂಡು "ಮೈಸೂರು ಕಡೆ" ಎಂದೆ. ನನ್ನ ಮಾತು, ಸರ್ಕಾರಿ ನೌಕರಿ ನೋಡಿ ಅವರೇ ಏನೋ ಅಂದುಕೊಂಡು ಒಳಗೆ ಕರೆದರು. ಪೈಕಿ ಎಂದರೆ ಜಾತಿ ಎಂದು ತಿಳಿಯುವ ಹೊತ್ತಿಗೆ ಅವರ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯಲು ಕಲಿತಿದ್ದೆ. ಬಾಯಿ ಬಿಡಲಿಲ್ಲ.

ನಂಜನಗೂಡಿನ ಬಳಿಯ ನಮ್ಮ ಹಳ್ಳಿಯಲ್ಲಿ ಈ ಪ್ರಶ್ನೆ ಯಾರೂ ಕೇಳಬೇಕಿರಲಿಲ್ಲ. ನಾವು ಊರಾಚೆಯ ಕೇರಿಯವರೆಂದು ಎಲ್ಲರಿಗೂ ಗೊತ್ತು. ಇಲ್ಲಿ ಯಾರಿಗೂ ಗೊತ್ತಿಲ್ಲವೆಂಬುದು ಮೊದಮೊದಲು ಬಿಡುಗಡೆಯಂತಿತ್ತು. ಆಮೇಲೆ ಅವ್ವನ ಕಾಗದ ಬಂದರೂ, ಅದರ ಮೇಲಿನ ಕೇರಿಯ ವಿಳಾಸ ಯಾರಾದರೂ ಓದಿಯಾರೆಂದು ಬಚ್ಚಿಡತೊಡಗಿದೆ.

ಎಪ್ಪತ್ತರ ದಶಕ ಇದು. ಸಮಾಜ ಕಲ್ಯಾಣದ ಕೆಲಸದವಳಾಗಿ ಹತ್ತಿರದ ಹಳ್ಳಿಯೊಂದರ ಬಾಲವಾಡಿ ನೋಡಿಕೊಳ್ಳುತ್ತಿದ್ದೆ. ಅಲ್ಲಿ ಅಡುಗೆಯ ಆಯಾ ಕೇರಿಯ ಮಕ್ಕಳನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿ, ಮುಟ್ಟದಂತೆ ಮೇಲಿನಿಂದ ಉಪ್ಪಿಟ್ಟು ಹಾಕುತ್ತಿದ್ದಳು. ನಾನು ಸುಮ್ಮನಿದ್ದೆ. ‘ನಿಮಗ್ಯಾಕ ಇಷ್ಟು ಸಿಟ್ಟು?’ ಎಂದು ಯಾರಾದರೂ ಕೇಳಿಯಾರೆಂಬ ಭಯ. ‘ಎಲ್ಲ ಮಕ್ಕಳೂ ಕೂಡಿ ಉಣ್ಣುತ್ತಾರೆ’ ಎಂದೇ ತಿಂಗಳ ವರದಿಯಲ್ಲಿ ಬರೆಯುತ್ತಿದ್ದೆ.

ಒಂದು ಬೆಳಿಗ್ಗೆ ಶಾಂತಾಬಾಯಿ ಎಂಬ ತಾಯಿ ಮಗಳನ್ನು ಎತ್ತಿಕೊಂಡು ಎದುರು ನಿಂತಳು.

"ಅಕ್ಕೋರ, ನನ್ನ ಕೂಸು ಹೊರಗ ಉಣ್ಣಾಕತ್ತದ. ನೀವು ದಿನಾ ನೋಡಾಕತ್ತೀರಿ. ನಿಮಗ ಏನೂ ಅನ್ಸಂಗಿಲ್ಲೇನ್ರಿ?"

ಅದೇ ವಾರ ಬಸವಕಲ್ಯಾಣದಲ್ಲಿ ನಡೆದ ನಮ್ಮ ಇಲಾಖೆಯ ಸಭೆಯಲ್ಲಿ ವರದಿಯನ್ನು ಮಡಚಿಟ್ಟು, ಕಂಡದ್ದನ್ನೇ ಹೇಳಿದೆ. ಮೇಲಧಿಕಾರಿಯ ಮುಖ ಬಿಗಿಯಿತು.

"ಶರಣರ ಊರಾಗ ಕುಂತು ಇಂಥಾ ಮಾತ್ಯಾಕ್ರಿ? ಹೊರಗಿಂದ ಬಂದವ್ರಿಗೆ ಇಲ್ಲಿದೇನ್ ಗೊತ್ತು?"

"ಹೊರಗೆ ಕೂರೋದು ಗೊತ್ತು ಸರ್. ನಾನೂ ಹಾಗೇ ಕೂತು ಉಂಡವಳು."

ಪಕ್ಕದಲ್ಲಿದ್ದ ಸಹೋದ್ಯೋಗಿ ತನ್ನ ಚಹಾದ ಕಪ್ಪನ್ನು ಮೆಲ್ಲಗೆ ಹತ್ತಿರಕ್ಕೆಳೆದುಕೊಂಡಳು.

ಸುದ್ದಿ ನನಗಿಂತ ಮೊದಲೇ ಹುಮನಾಬಾದು ಮುಟ್ಟಿತ್ತು. ಮಹಾದೇವಮ್ಮ ಬೈಯಲಿಲ್ಲ, ಅತ್ತರು. "ಮೊದ್ಲೇ ಹೇಳ್ಬೇಕಿತ್ತವ್ವ. ಈಗ ಮಂದಿಗಿ ನಾ ಏನ್ ಹೇಳ್ಲಿ?" ಮರುದಿನ ಖೋಲಿ ಬಿಟ್ಟೆ. ಹುಮನಾಬಾದಿನಲ್ಲೇ ಇದ್ದ ಶಾಂತಾಬಾಯಿಯ ಅಣ್ಣ ತನ್ನ ಕೇರಿಯ ಓಣಿಯಲ್ಲಿ ಒಂದು ಮನೆ ಕೊಡಿಸಿದ.

ಬಾಲವಾಡಿಯಲ್ಲಿ ಈಗ ನಾನೇ ನಿಂತು ಎಲ್ಲ ಮಕ್ಕಳನ್ನೂ ಒಳಗೇ ಕೂರಿಸಿ ಬಡಿಸುತ್ತೇನೆ. ಊರಿನ ಕೆಲವು ತಾಯಂದಿರು ಮಕ್ಕಳನ್ನು ಕಳಿಸುವುದನ್ನೇ ನಿಲ್ಲಿಸಿದ್ದಾರೆ. ಅವರ ಮನೆಗಳಿಗೆ ದಿನವೂ ಹೋಗಿ ಕರೆಯುತ್ತೇನೆ. "ವರ್ಗ ಮಾಡುಸ್ಕೊಂಡು ಬಂದ್ಬುಡವ್ವ" ಎಂದು, ನಾನು ನಮ್ಮ ಹಳ್ಳಿಗೆ ಹೋದಾಗಲೆಲ್ಲ ಅವ್ವ ಅಳುತ್ತಾಳೆ. ನಾಲ್ಕು ದಿನ ಅಲ್ಲಿದ್ದರೆ ಈ ಓಣಿಯ ಮಾತಿಗೆ ಕಿವಿ ಹಂಬಲಿಸುತ್ತದೆ. ಓಣಿಯವರು ನನ್ನನ್ನು "ನಮ್ಮಾಕಿ" ಎನ್ನುತ್ತಾರೆ. ಆದರೂ ನಾನು ಮನೆಗೆ ಹೋದರೆ ‘ಅಕ್ಕೋರು ಬಂದ್ರು’ ಎಂದು ಕುರ್ಚಿ ತಂದಿಟ್ಟು ತಾವು ನೆಲದ ಮೇಲೆ ಕೂರುತ್ತಾರೆ. ನಾನೂ ನೆಲಕ್ಕೆ ಕೂತರೆ, ಗಾಬರಿಯಿಂದ ಎಲ್ಲರೂ ಎದ್ದು ನಿಲ್ಲುತ್ತಾರೆ.